ಡಿಸ್ಚಾರ್ಜ್ ಆದ ಮೇಲಿನ ನಾಲ್ಕು ವರ್ಷ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹ)



ಆರೋಗ್ಯದ ಬಗ್ಗೆ ಏನಾದರೂ ಮಾತಾಡು ಅಂತ ಸಂಘದವರು ಹೇಳಿದರು. ಡೆಂಗ್ಯೂ, ಇಲಿಜ್ವರ, ಬಿಪಿ, ಶುಗರ್ ಇದನ್ನೆಲ್ಲ ನಮ್ಮ ಆಶಾ ಕಾರ್ಯಕರ್ತೆಯರು ನನಗಿಂತ ಚೆಂದ ಮಾಡಿ ಹೇಳ್ತಾರೆ. ನಾನು ಒಂದೇ ಒಂದು ಕಾಯಿಲೆಯ ಬಗ್ಗೆ ಹೇಳ್ತೇನೆ. ಅದು ನನಗೆ ಬಂದದ್ದು. ಹೆಸರು ಆಟೋಇಮ್ಯೂನ್ ಎನ್ಸೆಫಲೈಟಿಸ್. ಹೆಸರು ಉದ್ದ ಉಂಟು, ಅರ್ಥ ಅಷ್ಟು ಕಷ್ಟ ಇಲ್ಲ, ಹೇಳ್ತೇನೆ.

ಅದಕ್ಕಿಂತ ಮೊದಲು ಒಂದು ಮಾತು. ನಾನು ಕಾಗದ ನೋಡಿ ಓದುತ್ತಿದ್ದೇನೆ. ಬಾಯಿಪಾಠ ಮಾಡಿ ಮಾತಾಡುವಾಗ ನಡುವೆ ಯಾರಾದರೂ ಕುರ್ಚಿ ಎಳೆದರೂ ಸಾಕು, ನಾನು ಎಲ್ಲಿಗೆ ನಿಲ್ಲಿಸಿದ್ದು ಅಂತ ನನಗೆ ಮತ್ತೆ ಸಿಗುವುದಿಲ್ಲ. ಇಲ್ಲಿ ಕೂತ ಹಲವರು ನನ್ನನ್ನು ನೋಡಿ "ಈಗ ಪೂರಾ ಗುಣ ಆಯಿತಲ್ಲ" ಅಂತ ಹೇಳ್ತೀರಿ. ಪ್ರೀತಿಯಿಂದ ಹೇಳ್ತೀರಿ, ಗೊತ್ತುಂಟು. ಆದರೆ ಆ ಮಾತು ಅರ್ಧ ಸರಿ. ಉಳಿದ ಅರ್ಧದ ಬಗ್ಗೆಯೇ ನನ್ನ ಭಾಷಣ.

ಎನ್ಸೆಫಲೈಟಿಸ್ ಅಂದರೆ ಮಿದುಳಿನ ಉರಿಯೂತ. ನಮ್ಮಲ್ಲಿ "ಮೆದುಳು ಜ್ವರ" ಅಂತ ಹೇಳುವುದು. ಬಹಳ ಸಲ ಅದು ವೈರಸ್‌ನಿಂದ ಬರ್ತದೆ. ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ಹೆಸರು ನೀವು ಕೇಳಿರಬಹುದು. ನನಗೆ ಬಂದದ್ದು ಬೇರೆ ಜಾತಿಯದ್ದು (ಕಾಯಿಲೆಯಲ್ಲಿಯೂ ಜಾತಿ ಉಂಟು ನೋಡಿ). ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳು ಇರ್ತವೆ. ಅವು ಕಾವಲಿಗೆ ಇರುವಂಥವು. ಈ ಕಾಯಿಲೆಯಲ್ಲಿ ಕಾವಲಿನವರೇ ಮನೆಯವರನ್ನು ಕಳ್ಳರೆಂದು ತಿಳಿದು ಹೊಡೆಯುತ್ತಾರೆ. ಮಿದುಳಿನ ಜೀವಕೋಶಗಳ ಹೊರಮೈಯಲ್ಲಿ ಎನ್‌ಎಂಡಿಎ ರಿಸೆಪ್ಟರ್ ಅಂತ ಪುಟ್ಟ ಪುಟ್ಟ ಬಾಗಿಲುಗಳು ಉಂಟು. ಹೊಸದನ್ನು ಕಲಿಯುವುದು, ಕಲಿತದ್ದನ್ನು ನೆನಪಿನಲ್ಲಿ ಇಡುವುದು ಇವುಗಳಿಂದ ನಡೆಯುವ ಕೆಲಸ. ಪ್ರತಿಕಾಯಗಳು ಆ ಬಾಗಿಲುಗಳಿಗೆ ಅಂಟಿಕೊಂಡು ಅವನ್ನು ಕೋಶದ ಒಳಗೆ ಎಳೆದು ಹಾಕುತ್ತವೆ.

ನಮ್ಮ ಕಡೆಯ ಅಡಿಕೆ ತೋಟದಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ಗೊತ್ತಾಗ್ತದೆ. ಕಣಿಯ ಬಾಯಿಗೆ ಮಣ್ಣು ಕುಸಿದು ಕೂತರೆ ತೋಟ ಒಣಗ್ತದೆ. ಮರ ಸತ್ತಿಲ್ಲ, ಬೇರು ಉಂಟು, ನೀರು ಬರುವುದಿಲ್ಲ ಅಷ್ಟೇ. ಮಣ್ಣು ತೆಗೆದರೆ ನೀರು ಹರಿಯುತ್ತದೆ. ಆದರೆ ಬಾಯಿ ತೆಗೆದ ಕೂಡಲೇ ಕೊನೆಯ ಮರಕ್ಕೆ ನೀರು ಮುಟ್ಟುವುದಿಲ್ಲ. ಹೊತ್ತು ಬೇಕು. ಕೆಲವು ಮರ ಮತ್ತೆ ಮೊದಲಿನಷ್ಟು ಫಸಲು ಕೊಡುವುದೂ ಇಲ್ಲ. ಡಾಕ್ಟರು ನನ್ನ ಅಮ್ಮನಿಗೆ ಇಂಗ್ಲಿಷಿನಲ್ಲಿ ಅರ್ಧ ಗಂಟೆ ಹೇಳಿದ್ದು ಇಷ್ಟೇ.

ಈ ಕಾಯಿಲೆಗೆ ಹೆಸರು ಸಿಕ್ಕಿದ್ದು 2007ರಲ್ಲಿ. ಸ್ಪೇನಿನ ಜೋಸೆಪ್ ದಲ್ಮಾವು ಎಂಬ ವೈದ್ಯರು ಆಗ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಅವರು ಮತ್ತು ಅವರ ಜೊತೆಯವರು 12 ಮಂದಿ ಹೆಂಗಸರ ಬಗ್ಗೆ ಬರೆದರು. ಆ ಹೆಂಗಸರಿಗೆ ಮೊದಲು ಹುಚ್ಚು ಹಿಡಿದ ಹಾಗೆ ಆಗಿ, ಆಮೇಲೆ ಫಿಟ್ಸ್ ಬಂದು, ಪ್ರಜ್ಞೆ ತಪ್ಪಿತ್ತು. ಅವರಲ್ಲಿ ಗಡ್ಡೆಗಳೂ ಇದ್ದವು, ಹೆಚ್ಚಿನವರಲ್ಲಿ ಅಂಡಾಶಯದಲ್ಲಿ. ಎಲ್ಲರಿಗೂ ಗಡ್ಡೆ ಇರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ನನಗೂ ಇರಲಿಲ್ಲ. 2007 ಅಂದರೆ ಮೊನ್ನೆ ಮೊನ್ನೆ. ಇಲ್ಲಿರುವ ಹೆಚ್ಚಿನವರು ಆಗಲೇ ಹುಟ್ಟಿದ್ದೀರಿ. ಅದಕ್ಕಿಂತ ಮೊದಲು ಈ ಕಾಯಿಲೆ ಬಂದವರು ಎಲ್ಲಿ ಹೋದರು? ಎಷ್ಟು ಮಂದಿಯನ್ನು ಕೋಣೆಯಲ್ಲಿ ಕೂಡಿ ಹಾಕಿದರು, ಎಷ್ಟು ಮಂದಿಗೆ ಚಾಟಿಯಲ್ಲಿ ಹೊಡೆದು ಬಿಡಿಸಿದರು, ಎಷ್ಟು ಮಂದಿ ಸುಮ್ಮನೆ ಸತ್ತರು? ನಮ್ಮ ಅಜ್ಜಿಯಂದಿರು ಹೇಳುವ ಕಥೆಗಳಲ್ಲಿ "ಚೆಂದದ ಹುಡುಗಿ, ಒಂದು ವಾರದಲ್ಲಿ ತಲೆ ಕೆಟ್ಟಿತು" ಅಂತ ಬರುವವರು ಇದ್ದಾರಲ್ಲ, ಅವರಲ್ಲಿ ಒಬ್ಬಿಬ್ಬರಾದರೂ ಇದೇ ಕಾಯಿಲೆಯವರು ಇರಬಹುದು ಅಂತ ನನಗೆ ಈಗ ಅನ್ನಿಸ್ತದೆ.

ನನಗೆ ಆಗ 19. ಡಿಗ್ರಿಗೆ ಸೇರಿ ಒಂದು ಸೆಮಿಸ್ಟರ್ ಮುಗಿದಿತ್ತು. ಮೊದಲು ನಾಲ್ಕು ದಿನ ಜ್ವರ, ತಲೆನೋವು. ಆಮೇಲೆ ನಿದ್ರೆ ಇಲ್ಲ. ಬಸ್ಸಿನ ಕಂಡಕ್ಟರ್ ನನ್ನ ಹಿಂದೆ ಬಿದ್ದಿದ್ದಾನೆ, ಮನೆಯ ನೀರಿಗೆ ಏನೋ ಹಾಕಿದ್ದಾರೆ ಅಂತ ಬೊಬ್ಬೆ ಹಾಕುತ್ತಿದ್ದೆನಂತೆ. "ಅಂತೆ" ಅಂತ ಯಾಕೆ ಹೇಳ್ತೇನೆ ಅಂದರೆ ಆ ಒಂದೂವರೆ ತಿಂಗಳು ನನ್ನ ತಲೆಯಲ್ಲಿ ಇಲ್ಲ. ಪುಸ್ತಕದಿಂದ ಹಾಳೆ ಹರಿದ ಹಾಗೆ ಹೋಗಿದೆ. ಅಮ್ಮ, ಅಣ್ಣ ಹೇಳಿದ್ದನ್ನು ಕೇಳಿ ನಾನು ತಿಳಿದುಕೊಂಡದ್ದು.

ಮನೆಯವರು ಮೊದಲು ಪ್ರಶ್ನೆ ಇಡಿಸಿದರು. ನೂಲು ಕಟ್ಟಿಸಿದರು. ಕೊರಗಜ್ಜನಿಗೆ ಹರಕೆ ಹೇಳಿದರು. ಅದಕ್ಕಾಗಿ ನಾನು ಯಾರನ್ನೂ ದೂರುವುದಿಲ್ಲ. ಬೀಡಿ ಕಟ್ಟುವ ಹೆಂಗಸಿಗೆ ಮಗಳು ಹೀಗೆ ಕಿರುಚಿದರೆ ಬೇರೆ ಎಂತ ತೋಚಬೇಕು? ಆದರೆ ಅಲ್ಲಿ ಹನ್ನೆರಡು ದಿನ ಹೋಯಿತು. ಆಮೇಲೆ ಮಾನಸಿಕ ಕಾಯಿಲೆಯ ಮಾತ್ರೆ ಕೊಟ್ಟರು, ಅಲ್ಲಿ ಇನ್ನೊಂದು ವಾರ. ಫಿಟ್ಸ್ ಬಂದು, ಬಾಯಿ ಏನೋ ಜಗಿಯುವ ಹಾಗೆ ತನ್ನಷ್ಟಕ್ಕೆ ಅಲ್ಲಾಡಲು ಶುರುವಾದ ಮೇಲೆ ನಮ್ಮ ಸಂಘದ ಅಣ್ಣಂದಿರೇ ಜೀಪು ಮಾಡಿ ಮಂಗಳೂರಿಗೆ ಕೊಂಡುಹೋದದ್ದು. ಅಲ್ಲಿ ಬೆನ್ನಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಹೆಸರು ಸಿಕ್ಕಿತು.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಿ ಹೇಳ್ತೇನೆ. ಹರಕೆ ಹೇಳುವುದಿದ್ದರೆ ಹೇಳಿ, ನಾನು ಅಡ್ಡ ಇಲ್ಲ. ಆದರೆ ಅದೇ ದಿನ ಆಸ್ಪತ್ರೆಗೂ ಹೋಗಿ. ಮೊದಲು ಯಾವ ತೊಂದರೆಯೂ ಇಲ್ಲದ ಹರೆಯದವರು ಜ್ವರದ ಹಿಂದೆಯೇ ಕೆಲವು ದಿನಗಳಲ್ಲಿ ಗುರುತೇ ಸಿಗದ ಹಾಗೆ ಬದಲಾದರೆ, ಅದರ ಜೊತೆಗೆ ಫಿಟ್ಸ್, ಮುಖ ಕೈಗಳ ವಿಚಿತ್ರ ಚಲನೆ, ಮಾತು ನಿಲ್ಲುವುದು ಇದ್ದರೆ, ನರರೋಗದ ಡಾಕ್ಟರನ್ನೇ ಕೇಳಬೇಕು. ಚಿಕಿತ್ಸೆ ಬೇಗ ಶುರುವಾದವರು ಹೆಚ್ಚು ಚೆನ್ನಾಗಿ ಗುಣವಾಗುತ್ತಾರೆ ಅಂತ ಈಗ ಎಲ್ಲ ಕಡೆ ಒಪ್ಪಿದ ವಿಷಯ. ಇದು ಹೆಚ್ಚಾಗಿ ಹರೆಯದ ಹೆಂಗಸರಿಗೆ ಬರ್ತದೆ, ಮಕ್ಕಳಿಗೂ ಗಂಡಸರಿಗೂ ಬರ್ತದೆ. ಇದರದ್ದೇ ಇನ್ನೊಂದು ಬಗೆ, ಎಲ್‌ಜಿಐ1 ಅಂತ, ವಯಸ್ಸಾದ ಗಂಡಸರಲ್ಲಿ ಹೆಚ್ಚು. ಅದರಲ್ಲಿ ಕೆಲವೇ ವಾರಗಳಲ್ಲಿ ಮರೆವು ಬಂದು, ಮುಖ ಮತ್ತು ಕೈ ಕ್ಷಣಕ್ಕೊಮ್ಮೆ ಸೆಳೆದ ಹಾಗೆ ಆಗ್ತದೆ. ಅಜ್ಜನಿಗೆ ವಯಸ್ಸಾಯಿತು ಅಂತ ಬಿಟ್ಟುಬಿಡುವ ಮೊದಲು ಅದೂ ನೆನಪಿರಲಿ.

ನಮ್ಮ ಜಿಲ್ಲೆಯಲ್ಲಿ ನರದ ಕಾಯಿಲೆ ಅಂದ ಕೂಡಲೇ ಎಂಡೋಸಲ್ಫಾನ್ ಅಂತ ಹೇಳುವವರು ಉಂಟು. ನನಗೂ ಹಾಗೆ ಕೇಳಿದ್ದಾರೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷದ ಕಥೆ ಬೇರೆ, ಇದು ಬೇರೆ. ಎರಡನ್ನೂ ಗಂಟು ಹಾಕಲು ಆಧಾರ ಇಲ್ಲ. ಒಂದು ಮಾತ್ರ ಎರಡರಲ್ಲಿಯೂ ಒಂದೇ: ಡಾಕ್ಟರಿಗಾಗಿ ಮಂಗಳೂರಿಗೋ ಪರಿಯಾರಕ್ಕೋ ಓಡಬೇಕು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿಗೆ ಮಣ್ಣು ಹಾಕಿ ಮುಚ್ಚಿದಾಗ ನಮ್ಮ ರೋಗಿಗಳ ಗತಿ ಏನಾಯಿತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ.

ಚಿಕಿತ್ಸೆಯ ಬಗ್ಗೆ ಉದ್ದ ಹೇಳುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್, ಮತ್ತೆ ಐವಿಐಜಿ ಅಂತ ಒಂದು ಮದ್ದು. ಇಲ್ಲದಿದ್ದರೆ ರಕ್ತದ ಪ್ಲಾಸ್ಮಾ ಬದಲಿಸುವುದು. ಅದರಲ್ಲಿ ಆಗದಿದ್ದರೆ ರಿಟುಕ್ಸಿಮ್ಯಾಬ್. ಐವಿಐಜಿಯನ್ನು ತೂಕ ನೋಡಿ ಕೊಡುವುದು, ಒಂದು ಕಿಲೋ ತೂಕಕ್ಕೆ ಒಟ್ಟು 2 ಗ್ರಾಂ. ಅಂದರೆ 50 ಕಿಲೋದವಳಿಗೆ 100 ಗ್ರಾಂ. ಖರ್ಚು ಲಕ್ಷಗಟ್ಟಲೆ ಹೋಗ್ತದೆ. ಸಂಘದವರು, ಕುಟುಂಬಶ್ರೀಯವರು ಮನೆ ಮನೆಗೆ ಹೋಗಿ ಹಣ ಎತ್ತಿದಿರಿ. ಮಸೀದಿಯವರೂ ಕೊಟ್ಟರು. ಆ ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲಿ ಈಗಲೂ ಉಂಟು, ಅಮ್ಮ ಅದನ್ನು ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾರೆ.

41 ದಿನ ಆದ ಮೇಲೆ ಡಿಸ್ಚಾರ್ಜ್ ಆಯಿತು. ಜೀಪು ಬಂದಾಗ ಅರ್ಧ ನಗರ ಸೇರಿತ್ತು. (ನಗರ ಅಂತಲೇ ಹೇಳ್ತೇನೆ. 2024ರ ಜೂನಿನಲ್ಲಿ ಕೆ. ರಾಧಾಕೃಷ್ಣನ್ ಮಂತ್ರಿಗಿರಿ ಬಿಡುವಾಗ ಕಾಲನಿ ಎಂಬ ಹೆಸರು ತೆಗೆಯಲು ಆದೇಶ ಮಾಡಿ ಹೋದರಲ್ಲ. ನಾವೇ ಇನ್ನೂ ಕಾಲನಿ ಅಂತಿದ್ದರೆ ಹೇಗೆ?) ನಾನು ನಡೆದೇ ಒಳಗೆ ಹೋದೆ. ಎಲ್ಲರೂ "ಗುಣ ಆಯಿತು" ಅಂದರು. ಒಂದು ವಾರ ಹಣ್ಣು, ಬ್ರೆಡ್, ಹಾರ್ಲಿಕ್ಸ್ ಬಂತು. ಎರಡನೇ ತಿಂಗಳಿಗೆ ಯಾರೂ ಬರಲಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ.

ಅಮ್ಮ ಅಂಗಡಿಗೆ ಕಳಿಸಿದರೆ ಸಕ್ಕರೆ, ಚಾ ಹುಡಿ, ಸಾಬೂನು ಮೂರರಲ್ಲಿ ಒಂದು ತರುತ್ತಿದ್ದೆ. ಕೆಲವು ಸಲ ಅಂಗಡಿಯ ಮುಂದೆ ನಿಂತು ಯಾಕೆ ಬಂದದ್ದು ಅಂತ ಆಲೋಚನೆ ಮಾಡುತ್ತಿದ್ದೆ. ಕುಂಬಳೆಯಿಂದ ಬಸ್ಸು ಹತ್ತಿ ಸೀತಾಂಗೋಳಿಯಲ್ಲಿ ಇಳಿಯಬೇಕಾದವಳು ನೀರ್ಚಾಲು ದಾಟಿ ಬದಿಯಡ್ಕದಲ್ಲಿ ಇಳಿದದ್ದುಂಟು. ನಿದ್ರೆ ಬಂದದ್ದಲ್ಲ, ಕಣ್ಣು ಬಿಟ್ಟೇ ಕೂತಿದ್ದೆ, ಸ್ಟಾಪು ಬಂದದ್ದೂ ಕಂಡಿತ್ತು. ಎದ್ದು ಇಳಿಯಬೇಕು ಅಂತ ತಲೆ ಹೇಳಲಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದ್ದೂ ಅರ್ಥ ಆಗುತ್ತಿರಲಿಲ್ಲ. ಪಕ್ಕದ ಮನೆಯ ಮದುವೆಯ ಮೈಕಿನ ಸದ್ದಿಗೆ ಅತ್ತುಬಿಟ್ಟಿದ್ದೆ. ಸಣ್ಣ ವಿಷಯಕ್ಕೆ ಕೋಪ, ಅಣ್ಣನ ಮೇಲೆ ಪಾತ್ರೆ ಬಿಸಾಡಿದ್ದೂ ಉಂಟು. ಮಧ್ಯಾಹ್ನ ಹನ್ನೆರಡು ಗಂಟೆಗೆ ಗದ್ದೆ ಕೊಯ್ದವರಿಗಿಂತ ಹೆಚ್ಚು ಸುಸ್ತು. ನೋಡುವವರಿಗೆ ಎಂತ ಕಾಣ್ತದೆ? ಕೈಕಾಲು ಸರಿ ಇರುವ ಹುಡುಗಿ ಹಗಲಿಡೀ ಮಲಗಿದ್ದಾಳೆ.

ಇದು ನನ್ನೊಬ್ಬಳ ಕಥೆ ಅಲ್ಲ ಅಂತ ಗೊತ್ತಾದದ್ದು ನಾನು ಓದಲು ಶುರುಮಾಡಿದ ಮೇಲೆ. 2013ರಲ್ಲಿ ದಲ್ಮಾವು ಅವರ ತಂಡ 577 ರೋಗಿಗಳ ಲೆಕ್ಕ ಕೊಟ್ಟಿತು. ಎರಡು ವರ್ಷ ಆಗುವಾಗ ನೂರರಲ್ಲಿ 81 ಮಂದಿ "ಒಳ್ಳೆಯ" ಸ್ಥಿತಿಗೆ ಬಂದಿದ್ದರು. ಕೇಳಲು ಸಂತೋಷ. ಆದರೆ ಒಳ್ಳೆಯದು ಅಂತ ಅವರು ಅಳೆದದ್ದು ಹೇಗೆ? ನಡೆಯುತ್ತಾರಾ, ಅವರ ಕೆಲಸ ಅವರೇ ಮಾಡಿಕೊಳ್ಳುತ್ತಾರಾ ಅಂತ. ಮೂರು ಸಾಮಾನು ನೆನಪಿಟ್ಟು ತರುತ್ತಾರಾ ಅಂತ ಆ ಅಳತೆಗೋಲು ಕೇಳುವುದಿಲ್ಲ. 2021ರಲ್ಲಿ ಜರ್ಮನಿಯ ಬರ್ಲಿನ್ ನಗರದ ಶಾರಿಟೆ ಆಸ್ಪತ್ರೆಯವರು ಅದನ್ನೇ ಕೇಳಿದರು. 43 ಮಂದಿಯ ನೆನಪು, ಗಮನ, ಯೋಚನೆಯ ಶಕ್ತಿಯನ್ನು ಪರೀಕ್ಷೆ ಮಾಡಿದರು. ಕಾಯಿಲೆ ಬಂದು ಸುಮಾರು ಎರಡೂಕಾಲು ವರ್ಷ ಆದಾಗ, ದೇಹ ಚೆನ್ನಾಗಿದ್ದರೂ, ಎಲ್ಲರಲ್ಲಿಯೂ ಏನಾದರೊಂದು ಕೊರತೆ ಇತ್ತು. ಐದು ವರ್ಷದ ಹತ್ತಿರ ಬಂದಾಗ ಇನ್ನಷ್ಟು ಸುಧಾರಿಸಿದ್ದರು, ಆದರೂ ಮೂರರಲ್ಲಿ ಎರಡು ಪಾಲು ಮಂದಿಗೆ ಕೊರತೆ ಉಳಿದಿತ್ತು.

ಮೊದಲ ಸಲ ಇದನ್ನು ಓದಿದಾಗ ನನಗೆ ಎದೆ ಒಡೆಯಿತು. ಎರಡನೇ ಸಲ ಓದಿದಾಗ ಬೇರೆ ವಿಷಯ ಕಂಡಿತು. ಎರಡು ವರ್ಷ ಕಳೆದ ಮೇಲೆಯೂ ಸುಧಾರಣೆ ನಿಲ್ಲಲಿಲ್ಲ. "ಎರಡು ವರ್ಷದಲ್ಲಿ ಆಗದ್ದು ಇನ್ನು ಆಗುವುದಿಲ್ಲ" ಅಂತ ಒಬ್ಬರು ನಮಗೆ ಹೇಳಿದ್ದರು. ಅದು ಹಾಗೇನಿಲ್ಲ. ನನಗೆ ಈಗ ನಾಲ್ಕನೇ ವರ್ಷ. ಹೋದ ವರ್ಷ ಆಗದ ಕೆಲಸ ಈ ವರ್ಷ ಮಾಡುತ್ತಿದ್ದೇನೆ.

ಅಮೆರಿಕದಲ್ಲಿ ಸುಸಾನಾ ಕ್ಯಾಹಲನ್ ಅಂತ ಒಬ್ಬ ಪತ್ರಕರ್ತೆ ಇದ್ದಾರೆ. 2009ರಲ್ಲಿ, 24ನೇ ವಯಸ್ಸಿನಲ್ಲಿ ಅವರಿಗೆ ಇದೇ ಕಾಯಿಲೆ ಬಂತು. ಏನೆಂದು ಗೊತ್ತಾಗದೆ ದಿನಗಳು ಹೋದವು. ಕಡೆಗೆ ಸುಹೆಲ್ ನಜ್ಜರ್ ಎಂಬ ಡಾಕ್ಟರು ಒಂದು ಕಾಗದ ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಅವರು 1ರಿಂದ 12ರ ತನಕ ಎಲ್ಲ ಅಂಕಿಗಳನ್ನೂ ಬಲಗಡೆಗೇ ತುಂಬಿಸಿದರು, ಎಡಗಡೆ ಖಾಲಿ. ಮನಸ್ಸಿನ ಕಾಯಿಲೆ ಅಲ್ಲ, ಮಿದುಳಿನ ಒಂದು ಪಾಲು ಊದಿಕೊಂಡಿದೆ ಅಂತ ಡಾಕ್ಟರಿಗೆ ಗೊತ್ತಾಯಿತು. ಲಕ್ಷಗಟ್ಟಲೆ ಬೆಲೆಯ ಯಂತ್ರ ಹೇಳದ್ದನ್ನು ಒಂದು ಪೆನ್ನು ಹೇಳಿತು. ಅವರು ಆಮೇಲೆ ಪತ್ರಿಕೆಯ ಕೆಲಸಕ್ಕೆ ಮರಳಿದರು, 2012ರಲ್ಲಿ ಪುಸ್ತಕ ಬರೆದರು, ಅದು ಸಿನಿಮಾ ಕೂಡ ಆಯಿತು. ನನಗೆ ಅವರ ಬಗ್ಗೆ ಸಂತೋಷ. ಆದರೆ ಒಂದು ಆಲೋಚನೆ ಬರ್ತದೆ. ಅವರ ಕೆಲಸ ಅವರಿಗಾಗಿ ಕಾದಿತ್ತು. ತಿಂಗಳುಗಟ್ಟಲೆ ಕಾದಿತ್ತು. ನಮ್ಮಲ್ಲಿ ಯಾರ ಕೆಲಸ ಕಾಯ್ತದೆ? ಕಲ್ಲು ಕೋರೆಯಲ್ಲಿ, ಬಟ್ಟೆ ಅಂಗಡಿಯಲ್ಲಿ ನಾಲ್ಕು ದಿನ ಹೋಗದಿದ್ದರೆ ಐದನೇ ದಿನ ಬೇರೆಯವರು ಇರ್ತಾರೆ.

ಈಗ ಬುದ್ಧಿಯ ಮಾತಿಗೆ ಬರ್ತೇನೆ. ಇದು ಹೇಳಲು ಸ್ವಲ್ಪ ಕಷ್ಟ.

ಒಂದು ವರ್ಷ ಕಳೆದು ನಾನು ತರಗತಿಗೆ ಮರಳಿದಾಗ ಪಾಠ ಕೇಳುತ್ತಾ ನೋಟ್ಸ್ ಬರೆಯಲು ಆಗುತ್ತಿರಲಿಲ್ಲ. ಕೇಳಿದರೆ ಬರೆಯಲು ಆಗದು, ಬರೆದರೆ ಕೇಳಲು ಆಗದು. ಒಂದು ಪ್ಯಾರಾ ಮೂರು ಸಲ ಓದಬೇಕು. ಒಬ್ಬರು ಅಧ್ಯಾಪಕರು ಎಲ್ಲರ ಎದುರು, "ಸೀಟು ಸಿಗುವುದು ಸುಲಭ, ಕಲಿಯುವುದು ಸುಲಭ ಅಲ್ಲ" ಅಂತ ಹೇಳಿದರು. ನನ್ನ ಕಾಯಿಲೆಯ ಕಾಗದ ಅವರಿಗೆ ಕೊಟ್ಟಿದ್ದೆ. ಯಾವ ಸೀಟಿನ ಬಗ್ಗೆ ಹೇಳಿದ್ದೆಂದು ತರಗತಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ದೊಡ್ಡ ಮನೆಯ ಹುಡುಗಿ ಕಾಯಿಲೆ ಆಗಿ ಬಂದು ನಿಧಾನ ಮಾಡಿದರೆ "ಪಾಪ, ರೆಸ್ಟ್ ಬೇಕು" ಅಂತಾರೆ. ನಾವು ನಿಧಾನ ಮಾಡಿದರೆ ಅದು ನಮ್ಮ ಜಾತಿಯ ಗುಣ ಆಗ್ತದೆ. ಮಿದುಳಿಗೆ ಆದ ಗಾಯಕ್ಕೆ ಎಕ್ಸ್‌ರೇಯಲ್ಲಿ ಕಾಣುವ ಮುರಿತ ಇಲ್ಲ, ಪ್ಲಾಸ್ಟರ್ ಇಲ್ಲ. ಹಾಗಾಗಿ ನೋಡುವವರು ತಮಗೆ ಮೊದಲೇ ಗೊತ್ತಿದ್ದ ಕಾರಣವನ್ನೇ ಅಲ್ಲಿ ತುಂಬಿಸ್ತಾರೆ.

ಹೊರಗಿನವರನ್ನು ಮಾತ್ರ ದೂರಿ ಪ್ರಯೋಜನ ಇಲ್ಲ. ನಮ್ಮ ಬಾವಿಕಟ್ಟೆಯಲ್ಲಿಯೂ "ಅವಳಿಗೆ ತಲೆ ಸಮ ಇಲ್ಲ" ಅಂತ ಮಾತು ಉಂಟು. ಅಮ್ಮನಿಗೆ ನನ್ನ ಮದುವೆಯ ಚಿಂತೆ ಅಲ್ಲಿಂದಲೇ ಶುರುವಾದದ್ದು. ನನಗೆ ಆ ಚಿಂತೆ ಸದ್ಯಕ್ಕೆ ಇಲ್ಲ, ಮೊದಲು ಡಿಗ್ರಿ ಆಗಲಿ. ಆದರೆ ನಾಳೆ ಇನ್ನೊಬ್ಬಳಿಗೆ ಹೀಗಾದರೆ ದಯಮಾಡಿ ಆ ಶಬ್ದ ಬಳಸಬೇಡಿ. ಕಾಯಿಲೆಗೆ ಹೆಸರು ಉಂಟು, ಹೆಸರು ಹಿಡಿದು ಹೇಳಿ.

ನನಗೆ ಏನು ಸಹಾಯ ಆಯಿತು ಅಂತ ಕೇಳಿದರೆ, ಮೊದಲು ಹೇಳಬೇಕಾದ್ದು ಅಮ್ಮನ ಬೀಡಿ ಮೊರ.

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಒಂದು ದಿನ ಸುರುಟಿದ ಬೀಡಿ ಇಪ್ಪತ್ತೈದು ಇಪ್ಪತ್ತೈದು ಎಣಿಸಿ ಕಟ್ಟು ಮಾಡಿ ಇಡು ಅಂದರು. ನನಗೆ ಹನ್ನೊಂದು, ಹನ್ನೆರಡಕ್ಕೆ ಲೆಕ್ಕ ತಪ್ಪಿ ಹೋಗುತ್ತಿತ್ತು. ಅಮ್ಮ ಬೈಯಲಿಲ್ಲ. ಐದೈದು ಮಾಡಿ ಇಡು, ಐದು ರಾಶಿ ಆದ ಮೇಲೆ ಕಟ್ಟು ಅಂದರು. ದಿನಕ್ಕೆ ನಾಲ್ಕು ಕಟ್ಟು, ಆಮೇಲೆ ಎಂಟು. ಸುಸ್ತು ಆಗುವ ಮೊದಲೇ ಸಾಕು ಅಂತ ಎತ್ತಿಡುತ್ತಿದ್ದರು. ಎರಡು ತಿಂಗಳಿಗೆ ಐದರ ರಾಶಿ ಬೇಡವಾಯಿತು. ಮತ್ತೆ ರೇಡಿಯೋ ಇಟ್ಟರು, ರೇಡಿಯೋ ಕೇಳುತ್ತಾ ಎಣಿಸು ಅಂತ. ಎಂಟು ತಿಂಗಳು ಆಗುವಾಗ ದೊಡ್ಡಮ್ಮನ ಜೊತೆ ಮಾತಾಡುತ್ತಾ ಎಣಿಸುತ್ತಿದ್ದೆ. ಆಮೇಲೆ ಒಬ್ಬರು ಸೈಕಾಲಜಿಸ್ಟಿಗೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಪೂರಾ ಕೇಳಿದರು. ಆಸ್ಪತ್ರೆಗಳಲ್ಲಿ ಕಾಗ್ನಿಟಿವ್ ರೀಟ್ರೈನಿಂಗ್ ಅಂತ ಮಾಡಿಸುವ ಅಭ್ಯಾಸಗಳ ಗುಟ್ಟೂ ಇದೇ ಅಂದರು: ಕೆಲಸವನ್ನು ಸಣ್ಣ ಸಣ್ಣದು ಮಾಡುವುದು, ದಿನಾಲೂ ಮಾಡಿಸುವುದು, ಸ್ವಲ್ಪ ಸ್ವಲ್ಪವೇ ಕಷ್ಟ ಏರಿಸುವುದು. ಬೆಂಗಳೂರಿನ ನಿಮ್ಹಾನ್ಸ್ ಇಂಥ ತರಬೇತಿಗೆ ಹೆಸರಾದ ಜಾಗ. ನರರೋಗ ಮತ್ತು ಮನೋರೋಗ ಎರಡೂ ಒಂದೇ ಕಾಂಪೌಂಡಿನಲ್ಲಿ ಇರುವುದು ಅಲ್ಲಿಯ ದೊಡ್ಡ ಗುಣ. ನಮ್ಮಂಥ ಕಾಯಿಲೆಯವರು ಎರಡು ಬಾಗಿಲಿನ ನಡುವೆ ಚೆಂಡಿನ ಹಾಗೆ ಹೋಗಬೇಕಾಗಿಲ್ಲ.

ಭಾಷೆಯ ಬಗ್ಗೆ ಒಂದು ವಿಷಯ. ನನಗೆ ಪ್ರಜ್ಞೆ ಬಂದಾಗ ಮೊದಲು ಬಂದದ್ದು ತುಳು. ಕನ್ನಡ ಆಮೇಲೆ. ಮಲಯಾಳ, ಇಂಗ್ಲಿಷ್ ಬಹಳ ತಡ. ಮೊದಲ ಸಲ ನನ್ನ ನೆನಪಿನ ಪರೀಕ್ಷೆ ಮಾಡಿದ್ದು ಮಲಯಾಳದಲ್ಲಿ. ಹದಿನೈದು ಶಬ್ದ ಓದಿ ಹೇಳಿ, ಎಷ್ಟು ನೆನಪುಂಟು ಅಂತ ಕೇಳಿದರು. ನನಗೆ ಮೂರು ಬಂತು. ತಿಂಗಳು ಕಳೆದು ಬೇರೆ ಕಡೆ ಕನ್ನಡದಲ್ಲಿ ಮಾಡಿದಾಗ ಏಳು ಬಂತು. ನಾಲ್ಕು ಶಬ್ದಗಳಲ್ಲಿ ಎಷ್ಟು ಗುಣವಾದದ್ದು, ಎಷ್ಟು ಭಾಷೆಯದ್ದು ಅಂತ ಹೇಗೆ ಹೇಳುವುದು? ಗಡಿಯಲ್ಲಿ ಇರುವ ನಮಗೆ ಇದು ಸಣ್ಣ ವಿಷಯ ಅಲ್ಲ. ಆ ಕಾಗದದಲ್ಲಿ ಬರೆದ ಅಂಕಿಯೇ ನಾಳೆ ಕಾಲೇಜಿಗೆ, ಸರ್ಟಿಫಿಕೇಟಿಗೆ ಹೋಗುವುದು. ಪರೀಕ್ಷೆ ನನ್ನ ಭಾಷೆಯಲ್ಲಿ ಮಾಡಿ ಅಂತ ಕೇಳಲು ನಾಚಿಕೆ ಬೇಡ.

ಬರೆದಿಡುವ ಅಭ್ಯಾಸ ನನ್ನನ್ನು ಉಳಿಸಿತು. ನನ್ನ ಚೀಲದಲ್ಲಿ ಒಂದು ಸಣ್ಣ ಪುಸ್ತಕ ಯಾವಾಗಲೂ ಉಂಟು. ಇಳಿಯುವ ಸ್ಟಾಪಿಗಿಂತ ಮೊದಲು ಮೊಬೈಲಿನಲ್ಲಿ ಅಲಾರಂ. ಕೆಲವರು ನಗ್ತಾರೆ, ನಗಲಿ. ನಿದ್ರೆ ಕೆಟ್ಟ ಮರುದಿನ ನನ್ನ ತಲೆ ಎರಡು ವರ್ಷ ಹಿಂದೆ ಹೋಗ್ತದೆ, ಹಾಗಾಗಿ ಇಲ್ಲಿ ರಾತ್ರಿ ಕಾರ್ಯಕ್ರಮ ಇದ್ದರೂ ಹತ್ತು ಗಂಟೆಗೆ ನಾನು ಮನೆಗೆ. ಮಾತ್ರೆಯನ್ನು ಡಾಕ್ಟರು ಹೇಳದೆ ನಿಲ್ಲಿಸಿಲ್ಲ. ಈ ಕಾಯಿಲೆ ಮರಳಿ ಬರುವುದುಂಟು; ಆ 577 ಮಂದಿಯ ಲೆಕ್ಕದಲ್ಲಿ ಎರಡು ವರ್ಷದ ಒಳಗೆ ನೂರಕ್ಕೆ 12ರಷ್ಟು. ಅದಕ್ಕೆ ಮನೆಯವರು ನಿದ್ರೆ, ಮಾತು, ನಡವಳಿಕೆಯ ಮೇಲೆ ಕಣ್ಣಿಟ್ಟಿರಬೇಕು.

ಇನ್ನು ಹಕ್ಕಿನ ವಿಷಯ. ಇದನ್ನು ಯಾರೂ ನಮಗೆ ಕರೆದು ಹೇಳುವುದಿಲ್ಲ. ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಉಂಟು. ಕಾರ್ಡು ನವೀಕರಿಸದೆ ಕಪಾಟಿನಲ್ಲಿ ಇಟ್ಟವರು ನಾಳೆಯೇ ನೋಡಿ. ಕಲಿಕೆ ನಡುವೆ ನಿಂತರೆ ರೀ-ಅಡ್ಮಿಷನ್ ಅಂತ ದಾರಿ ಉಂಟು. ಇ-ಗ್ರಾಂಟ್ಸ್ ನಿಂತುಹೋದೀತು ಅಂತ ಹೆದರಿ ನಾನು ಕಾಲೇಜೇ ಬಿಡುವ ಆಲೋಚನೆಯಲ್ಲಿದ್ದೆ. ಯಾವ ಕಾಗದ, ಯಾರಿಗೆ, ಎಷ್ಟು ದಿನದ ಒಳಗೆ ಅಂತ ಹೇಳಿಕೊಟ್ಟದ್ದು ನಮ್ಮ ಎಸ್‌ಸಿ ಪ್ರಮೋಟರ್ ಅಕ್ಕ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಹೇಳಿದೆ, ದೀರ್ಘಕಾಲದ ನರರೋಗವೂ ಅದರಲ್ಲಿ ಒಂದು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆಯಲು ಆಗದವರಿಗೆ ಬರೆಯುವ ಸಹಾಯಕರು, ಇದು ಆ ಕಾಯ್ದೆ ಹೇಳುವ ಹಕ್ಕು. ಶೇಕಡಾ 40 ಅಂಗವೈಕಲ್ಯ ಇಲ್ಲದಿದ್ದರೆ ಇಲ್ಲ ಅಂತ ಕಚೇರಿಗಳಲ್ಲಿ ಹೇಳುವುದುಂಟು. 2021ರಲ್ಲಿ ವಿಕಾಸ್ ಕುಮಾರ್ ಎಂಬವರ ಕೇಸಿನಲ್ಲಿ ಸುಪ್ರೀಂ ಕೋರ್ಟು ಬರೆಯುವ ಸಹಾಯಕರನ್ನು ಕೊಡಲು ಆ 40ರ ಗೆರೆ ಬೇಕಾಗಿಲ್ಲ ಅಂತ ತೀರ್ಪು ಕೊಟ್ಟಿತು. ಅವರಿಗೆ ಇದ್ದದ್ದು ಬರೆಯುವಾಗ ಕೈ ಹಿಡಿದುಕೊಳ್ಳುವ ನರದ ತೊಂದರೆ. ಆ ತೀರ್ಪಿನ ಹೆಸರು ಬರೆದ ಚೀಟಿ ತೋರಿಸಿದ ಮೇಲೆ ನನ್ನ ಅರ್ಜಿ ಮೇಜಿನಿಂದ ಮುಂದೆ ಹೋಯಿತು. ನನಗೆ ಈಗ ಒಂದು ಗಂಟೆಗೆ 20 ನಿಮಿಷ ಹೆಚ್ಚು ಸಿಗ್ತದೆ. ಆ 20 ನಿಮಿಷ ನನಗೆ ಯಾರೂ ದಾನ ಕೊಟ್ಟದ್ದಲ್ಲ.

ಸಂಘದವರಿಗೆ ನನ್ನದೊಂದು ಬೇಡಿಕೆ ಉಂಟು. ಜೀಪು ಮಾಡುವುದರಲ್ಲಿ, ರಕ್ತ ಕೊಡುವುದರಲ್ಲಿ, ಹಣ ಎತ್ತುವುದರಲ್ಲಿ ನಮ್ಮ ಸಂಘವನ್ನು ಮೀರಿಸುವವರು ಈ ಪಂಚಾಯತಿನಲ್ಲಿ ಇಲ್ಲ. ಆದರೆ ನಮ್ಮ ಸಹಾಯ ಡಿಸ್ಚಾರ್ಜ್ ಆದ ದಿನಕ್ಕೆ ಮುಗಿಯುತ್ತದೆ. ಇಂಥ ಕಾಯಿಲೆಯವರ ಕೆಲಸ ಅಲ್ಲಿಂದ ಶುರು. ನಾನು ಕಾಲೇಜಿಗೆ ಮರಳಿದ ಮೊದಲ ತಿಂಗಳು ಒಬ್ಬ ತಮ್ಮ ದಿನಾಲೂ ನನ್ನ ಜೊತೆ ಬಸ್ಸಿನಲ್ಲಿ ಬಂದ. ಅವನು ಪ್ಲಸ್ ಟು, ಅವನ ಸ್ಕೂಲು ಅದೇ ದಾರಿ. ಏನೂ ಮಾತಾಡುತ್ತಿರಲಿಲ್ಲ, ಸ್ಟಾಪು ಬಂದಾಗ "ಅಕ್ಕ, ಇಳಿಯುವ" ಅಂತಿದ್ದ. ಎರಡನೇ ತಿಂಗಳು ಅವನು ಹಿಂದಿನ ಸೀಟಿಗೆ ಹೋದ. ಮೂರನೇ ತಿಂಗಳಿಗೆ ನಾನು ಒಬ್ಬಳೇ. ಸಂಘ ಮಾಡಬೇಕಾದ್ದು ಅಷ್ಟು. ಮಿದುಳಿಗೆ ಪೆಟ್ಟಾದವರು ಇದೊಂದೇ ಕಾಯಿಲೆಯವರಲ್ಲ. ಬೈಕಿನಿಂದ ಬಿದ್ದವರು, ಪಾರ್ಶ್ವವಾಯು ಆದವರು ನಮ್ಮ ನಗರದಲ್ಲಿಯೇ ಮೂವರು ಇದ್ದಾರೆ. ವಾರಕ್ಕೆ ಒಂದು ಗಂಟೆ ಅವರ ಮನೆಗೆ ಹೋಗಿ. ಉಪದೇಶ ಬೇಡ. ಕೇರಂ ಆಡಿ, ಪೇಪರು ಓದಿಸಿ, ಅಂಗಡಿಗೆ ಜೊತೆಗೆ ನಡೆಯಿರಿ. ಉತ್ತರ ಬರಲು ತಡವಾದರೆ ಅವರ ವಾಕ್ಯವನ್ನು ನೀವು ಮುಗಿಸಬೇಡಿ. ಕಾಯಿರಿ. ಅದು ನನಗೆ ಎಷ್ಟು ಬೇಕಾಗಿತ್ತೆಂದು ಹೇಳಲು ಶಬ್ದ ಇಲ್ಲ.

ಫೆಬ್ರವರಿ 22 ವಿಶ್ವ ಎನ್ಸೆಫಲೈಟಿಸ್ ದಿನ. ಆ ದಿನ ಅಂಗನವಾಡಿಯಲ್ಲಿ ಒಂದು ಕೂಟ ಮಾಡುವ ಅಂತ ಕಾರ್ಯದರ್ಶಿಯವರಲ್ಲಿ ಕೇಳಿದ್ದೇನೆ, ಒಪ್ಪಿದ್ದಾರೆ. ಅದರ ತನಕ ಕಾಯಬೇಕಂತಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ ಇದ್ದು ಅರ್ಥ ಆಗದವರು, ಮುಂದಿನ ಚೆಕಪ್ ಯಾವಾಗ ಅಂತ ಗೊತ್ತಿಲ್ಲದವರು, ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಕಾಗದ ಹಿಡಿದುಕೊಂಡು ಸಂಘದ ಕಚೇರಿಗೆ ಬನ್ನಿ. ನರ್ಸಿಂಗ್ ಓದುವ ಇಬ್ಬರು ಇರ್ತಾರೆ, ನಾನೂ ಇರ್ತೇನೆ. ಓದಿ ಹೇಳ್ತೇವೆ, ನಿಮ್ಮ ಭಾಷೆಯಲ್ಲಿ ಬರೆದೂ ಕೊಡ್ತೇವೆ.